ಹೆಗಲು ಮುಟ್ಟಿ ನೋಡಿಕೊಂಡವರು

ನಮ್ಮ ಅತ್ತೆಗೆ ದೇವರ ಮೇಲೆ ಎಷ್ಟು ನಂಬಿಕೆಯೋ ಟೆಲಿಫೋನಿನ ಮೇಲೂ ಅಷ್ಟೇ ನಂಬಿಕೆ. ಎರಡರಲ್ಲಿ ಯಾವುದು ಹೆಚ್ಚು ಅಂತ ಕೇಳಿದರೆ ಸ್ವಲ್ಪ ಯೋಚಿಸಿ ದೇವರು ಅನ್ನುತ್ತಾರೆ. ಆ ಯೋಚಿಸುವ ಹೊತ್ತಿನಲ್ಲೇ ನನಗೆ ಉತ್ತರ ಸಿಕ್ಕಿಬಿಡುತ್ತದೆ. ಮದುವೆಗೆ ಮುಂಚಿನಿಂದ ಹಿಡಿದು ನಿವೃತ್ತಿಯವರೆಗೂ ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಎದುರಿಗೆ ತೂತುತೂತಿನ ಬೋರ್ಡು, ಕೈಯಲ್ಲಿ ವೈರು, ಕಿವಿಗೆ ಹೆಡ್‌ಫೋನು, ಬಾಯಲ್ಲಿ 'ನಂಬರ್ ಪ್ಲೀಸ್'. ಕನೆಕ್ಷನ್ ಕೊಟ್ಟ ಮೇಲೆ ಮಾತು ಕೇಳಿಸಿಕೊಳ್ಳಬಾರದು, ಕೇಳಿಸಿದ್ದನ್ನು ಯಾರಿಗೂ ಹೇಳಬಾರದು ಅನ್ನುವುದು ಅಲ್ಲಿಯ ಕಾನೂನು. ಅತ್ತೆ ಆ ಕಾನೂನಿನಲ್ಲಿ ಅರ್ಧವನ್ನು ಕಟ್ಟುನಿಟ್ಟಾಗಿ ಪಾಲಿಸಿದರು. ಎಲ್ಲವನ್ನೂ ಕೇಳಿಸಿಕೊಂಡರು, ಯಾರಿಗೂ ಹೇಳಲಿಲ್ಲ. ಯಾರ ಮನೆಯ ಮದುವೆ ಮುರಿಯಿತು, ಯಾರ ಅಂಗಡಿ ದಿವಾಳಿ ಎದ್ದಿತು, ಯಾವ ದೊಡ್ಡ ಮನುಷ್ಯ ಮಧ್ಯಾಹ್ನದ ಹೊತ್ತು ಯಾರಿಗೆ ಫೋನು ಮಾಡಿ ಅಳುತ್ತಿದ್ದ, ಎಲ್ಲವೂ ಅವರ ಹೊಟ್ಟೆಯಲ್ಲಿದೆ. ಹೊಟ್ಟೆ ಅಷ್ಟು ದೊಡ್ಡದಾಗಿರುವುದು ಅದಕ್ಕೇ ಅಂತ ತೀರಿಕೊಂಡ ನಮ್ಮ ಮಾವ ತಮಾಷೆ ಮಾಡುತ್ತಿದ್ದರಂತೆ.

ಆಮೇಲೆ ಬೋರ್ಡಿನ ಜಾಗಕ್ಕೆ ಮಿಷನ್ನು ಬಂತು, ಅತ್ತೆ ಮನೆಗೆ ಬಂದರು. ಮನೆಗೆ ಬಂದು ಸುಮ್ಮನೆ ಕೂರುವ ಪೈಕಿ ಅಲ್ಲ ಅವರು. ನಮ್ಮ ಚರ್ಚಿನಲ್ಲಿ ಪ್ರಾರ್ಥನಾ ಸರಪಳಿ ಅಂತ ಒಂದು ಏರ್ಪಾಡು ಮೊದಲಿನಿಂದ ಇತ್ತು, ತುಕ್ಕು ಹಿಡಿದು ಬಿದ್ದಿತ್ತು. ಅತ್ತೆ ಅದನ್ನು ಎತ್ತಿ ನಿಲ್ಲಿಸಿದರು. ಯಾರಿಗಾದರೂ ಕಷ್ಟ ಬಂದರೆ ಅತ್ತೆಗೆ ಫೋನು. ಅತ್ತೆ ಅದನ್ನು ಒಬ್ಬರಿಗೆ ಹೇಳಿದರೆ ಅವರು ಪ್ರಾರ್ಥನೆ ಮಾಡಿ ಇನ್ನೊಬ್ಬರಿಗೆ ದಾಟಿಸಬೇಕು, ಹೀಗೆ ಮನೆಮನೆ ಸುತ್ತಿ ಕೊನೆಯವರು ತಿರುಗಿ ಅತ್ತೆಗೇ ಫೋನು ಮಾಡಿ ಒಪ್ಪಿಸಬೇಕು. ಅವರವರ ಭಕ್ತಿಗೆ ತಕ್ಕಂತೆ ದಾರಿಯಲ್ಲಿ ಒಂದಿಷ್ಟು ಸೇರಿಸುತ್ತಾರೆ. ಹೀಗಾಗಿ ಬಡಗಿ ತಾತನ ಮಂಡಿನೋವು ಅಂತ ಬೆಳಿಗ್ಗೆ ಹೊರಟ ಪ್ರಾರ್ಥನೆ ಮಧ್ಯಾಹ್ನ ವಾಪಸ್ಸು ಬರುವ ಹೊತ್ತಿಗೆ ತಾತನ ಕಾಲನ್ನೇ ತೆಗೆದಿತ್ತು. ಸಂಜೆ ಯಾರೋ ಪುಣ್ಯಾತ್ಮರು ಊರುಗೋಲು ಹಿಡಿದುಕೊಂಡು ಹೋದರೆ ತಾತ ಏಣಿ ಹತ್ತಿ ಕಿಟಕಿಗೆ ರಂದ ಹೊಡೆಯುತ್ತಿದ್ದ. ಹೊರಗಿನವರು ಇದನ್ನು ಚಾಡಿ ಅನ್ನುತ್ತಾರೆ. ನಾವು ಕಣ್ಣು ಮುಚ್ಚಿಕೊಂಡು ಹೇಳುವುದರಿಂದ ಪ್ರಾರ್ಥನೆ ಅನ್ನುತ್ತೇವೆ.

ಸರಪಳಿಗೆ ಎರಡು ನಿಯಮ. ಮರ್ಯಾದೆಯ ವಿಷಯವಾದರೆ ಹೆಸರು ಹೇಳುವಂತಿಲ್ಲ, 'ನಮ್ಮ ಸಭೆಯ ಒಂದು ಮನೆ' ಅನ್ನಬೇಕು. ಎರಡನೆಯದು, ತನ್ನ ಮನೆಯ ಕಷ್ಟವನ್ನು ತಾನೇ ಸರಪಳಿಗೆ ಹಾಕಿಕೊಳ್ಳಬಾರದು, ಅದು ಜಂಭವಂತೆ. ಪಕ್ಕದ ಮನೆಯವರಿಗೆ ಹೇಳಿ, ಅವರು ಹಾಕಬೇಕು. ಅತ್ತೆಗೆ ಕಿಡ್ನಿಯಲ್ಲಿ ಕಲ್ಲಾದಾಗ ನಾನು ಕಣ್ಣಾರೆ ಕಂಡಿದ್ದೇನೆ. ನೋವಿನಲ್ಲಿ ಒದ್ದಾಡುತ್ತಲೇ ಹಾರ್ಡ್‌ವೇರ್ ಅಂಗಡಿಯ ಅಕ್ಕನಿಗೆ ಫೋನು ಮಾಡಿ ಹೇಳಿದರು. ಆ ಅಕ್ಕ ಫೋನು ಇಟ್ಟು, ಮತ್ತೆ ಅತ್ತೆಗೇ ಮಾಡಿ, 'ಒಬ್ಬ ತಾಯಿಗೆ ಕಿಡ್ನಿಯಲ್ಲಿ ಕಲ್ಲು' ಅಂದರು. ಅತ್ತೆ ಹೊಟ್ಟೆ ಹಿಡಿದುಕೊಂಡೇ, 'ಅಯ್ಯೋ ಪಾಪ, ಯಾರಿಗೆ?' ಅಂತ ಕೇಳಿ ಮುಂದಕ್ಕೆ ಕಳಿಸಿದರು.

ಇನ್ನು ಅವರ ಚಿಕ್ಕ ಮಗ, ಅಂದರೆ ನನ್ನ ಮೈದುನನ ವಿಷಯ. ಅವನು ಹಲ್ಲಿನ ಸೆಟ್ಟು ಕಟ್ಟುವವನು. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸಿದರೆ ಇವನು ತನ್ನ ವರ್ಕ್‌ಶಾಪಿನಲ್ಲಿ ಕೂತು, ಮೇಣ ಕರಗಿಸಿ, ಒಂದೊಂದೇ ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಡುತ್ತಾನೆ. ನಮ್ಮ ಸಭೆಯ ಹಿರಿಯರಲ್ಲಿ ಅರ್ಧದಷ್ಟು ಜನ ಅವನ ಹಲ್ಲಿನಲ್ಲೇ ಅಗಿಯುತ್ತಾರೆ, ಅವನ ಹಲ್ಲಿನಲ್ಲೇ ಉಪದೇಶ ಮಾಡುತ್ತಾರೆ. ವರ್ಕ್‌ಶಾಪಿನ ಮೇಲಿನ ಎರಡು ರೂಮಿನಲ್ಲಿ ಅವನ ಮನೆ. ಅವನ ಜೊತೆ ಒಬ್ಬ ಲಿಫ್ಟ್ ಮೆಕ್ಯಾನಿಕ್ ಇದ್ದಾನೆ. ನಾನು ಈ ಮನೆಗೆ ಸೊಸೆಯಾಗಿ ಬರುವ ಎಷ್ಟೋ ಮೊದಲಿನಿಂದ ಇದ್ದಾನೆ. ಇಬ್ಬರೂ ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ, ಗಂಡಹೆಂಡಿರ ಹಾಗೆ ಬಾಳುತ್ತಾರೆ, ನಮ್ಮ ಮನೆಗಿಂತ ಜಗಳವೂ ಕಡಿಮೆ. ಇದು ಊರಿಗೆಲ್ಲ ಗೊತ್ತು. ಚರ್ಚಿನಲ್ಲಿ ಮಾತ್ರ ಇದಕ್ಕೆ 'ಆ ವಿಷಯ' ಅಂತ ಹೆಸರು.

ಅತ್ತೆಗೆ ಗೊತ್ತಿತ್ತೇ ಅಂದರೆ, ಗೊತ್ತಿದ್ದೂ ಗೊತ್ತಿಲ್ಲದಂತೆ ಇರುವುದರಲ್ಲಿ ಅವರಿಗೆ ಪೆನ್ಶನ್ ಬರುವಷ್ಟು ಸರ್ವೀಸಾಗಿದೆ. ಲಿಫ್ಟಿನವನನ್ನು ಅವರು 'ರೂಮಿನವನು' ಅನ್ನುತ್ತಿದ್ದರು. ಭಾನುವಾರ ಮಗನಿಗೆ ಕಟ್ಟಿ ಕಳಿಸುವ ಊಟ ಇಬ್ಬರಿಗಾಗುವಷ್ಟು ಇರುತ್ತಿತ್ತು. ಕೇಳಿದರೆ, ನನ್ನ ಮಗನಿಗೆ ಹಸಿವು ಜಾಸ್ತಿ. ಮಗನಿಗೊಂದು ಸ್ವೆಟರ್ ಹೆಣೆದರೆ ಅದೇ ಬಣ್ಣದಲ್ಲಿ ಇನ್ನೊಂದು. ಕೇಳಿದರೆ, ಉಣ್ಣೆ ಮಿಕ್ಕಿತ್ತು. ಆರಡಿ ಆಳಿಗೆ ತುಂಬುತೋಳಿನ ಸ್ವೆಟರ್ ಆಗುವಷ್ಟು ಉಣ್ಣೆ ಪ್ರತಿ ಸಲ ಹೇಗೆ ಮಿಗುತ್ತದೆ ಅಂತ ನಾನು ಕೇಳಲು ಹೋಗಲಿಲ್ಲ. ಅವನು ಚರ್ಚಿಗೂ ಬರುತ್ತಿದ್ದ, ಆ ಸ್ವೆಟರ್ ಹಾಕಿಕೊಂಡೇ. ಬಾಗಿಲ ಪಕ್ಕದ ಕೊನೆಯ ಬೆಂಚಿನಲ್ಲಿ, ಒದ್ದೆ ಛತ್ರಿಗಳ ಜೊತೆ ಕೂತು, ಆರಾಧನೆ ಮುಗಿಯುತ್ತಿದ್ದಂತೆ ಎಲ್ಲರಿಗಿಂತ ಮೊದಲು ಎದ್ದು ಹೋಗುತ್ತಿದ್ದ. ಅಷ್ಟು ಹಿಂದೆ ಕೂತರೆ ನಮ್ಮ ಸಭೆ ಯಾರನ್ನು ಬೇಕಾದರೂ ಸ್ವೀಕರಿಸುತ್ತದೆ.

ನನಗೆ ಹೆಣ್ಣುಮಗು ಹುಟ್ಟಿತು. ಹೆರಿಗೆ ಕಷ್ಟವಾಯಿತು. ರಕ್ತ ಬೇಕು ಅಂತ ಡಾಕ್ಟರು ಹೇಳಿದ ಕೂಡಲೇ ನನ್ನ ಯಜಮಾನರು ಆಸ್ಪತ್ರೆಯ ವರಾಂಡದಲ್ಲಿ ಮೂರ್ಛೆ ಬಿದ್ದು, ಅವರಿಗೇ ಒಂದು ಮಂಚ ಬೇಕಾಯಿತು. ಆಮೇಲೆ ರಕ್ತ ಕೊಟ್ಟವನು ಮೈದುನ, ಔಷಧಿಗೆ ಓಡಾಡಿದವನು ಲಿಫ್ಟಿನವನು. ಹಾಗಾಗಿ ದೀಕ್ಷಾಸ್ನಾನಕ್ಕೆ ಮಗುವಿನ ಜ್ಞಾನತಂದೆ ಯಾರು ಅನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಮಗುವನ್ನು ಎತ್ತಿಕೊಂಡು, ಅದರ ಪರವಾಗಿ ದೇವರಿಗೆ ಮಾತು ಕೊಟ್ಟು, ನಾಳೆ ನಮಗೇನಾದರೂ ಆದರೆ ಅದನ್ನು ಕೈಬಿಡದೆ ಕಾಯಬೇಕಾದವನು ಅವನು. ಮೈದುನನಿಗೆ ಹೇಳಿದೆ. ಅವನು ಕೈಯಲ್ಲಿದ್ದ ಹಲ್ಲಿನ ಸೆಟ್ಟನ್ನು ಕೆಳಗಿಟ್ಟು, ಕೈ ತೊಳೆದುಕೊಂಡು ಬಂದು ಮಗುವನ್ನು ಎತ್ತಿಕೊಂಡ.

ನಮ್ಮ ಚರ್ಚಿನ ಪಾದ್ರಿ ಅಯ್ಯನವರ ಹತ್ತಿರ ಹೋದೆವು. ಅಯ್ಯನವರು ಬಹಳ ಪ್ರೀತಿಯ ಮನುಷ್ಯ. ಯಾರಿಗಾದರೂ ಬಾಗಿಲು ಹಾಕಬೇಕಾದರೆ ಮೊದಲು ಬಾಗಿಲಿನ ಹಿಂಜಿಗೆ ಎಣ್ಣೆ ಬಿಡುತ್ತಾರೆ, ಸದ್ದಾಗಬಾರದು ನೋಡಿ. ಕೂರಿಸಿದರು, ನೀರು ಕೊಟ್ಟರು, ಮಗುವಿನ ಗಲ್ಲ ಮುಟ್ಟಿದರು. ಆಮೇಲೆ, ಪ್ರೀತಿಯಿಂದ ಹೇಳುತ್ತೇನೆ ಅಂದರು. ನಮ್ಮ ಸಭೆ ಎಲ್ಲರನ್ನೂ ಸ್ವಾಗತಿಸುತ್ತದೆ ಅಂದರು. ಸ್ವಾಗತಿಸುವುದು ಬೇರೆ, ಮುಂದೆ ನಿಲ್ಲಿಸುವುದು ಬೇರೆ ಅಂದರು. ಬೇರೆ ಯಾರನ್ನಾದರೂ ಯೋಚಿಸಬಹುದಲ್ಲ, ಪ್ರೀತಿಯಿಂದ ಕೇಳುತ್ತಿದ್ದೇನೆ ಅಂದರು. ನನಗೆ ಪಿತ್ತ ನೆತ್ತಿಗೇರಿತು. ಅಯ್ಯನವರೇ, ಪ್ರೀತಿ ಸಾಕು, ಹೂಂ ಅನ್ನಿ ಇಲ್ಲ ಉಹೂಂ ಅನ್ನಿ ಅಂದೆ. ಅವರು ಎರಡನ್ನೂ ಅನ್ನಲಿಲ್ಲ. ಭಾನುವಾರ ಹಿರಿಯರ ಸಭೆಯ ಮುಂದೆ ಇಡುತ್ತೇನೆ ಅಂದರು. ಹಿರಿಯರ ಸಭೆ ಅಂದರೆ ಆ ಅಂಗಡಿಯ ಅಕ್ಕನ ಗಂಡ, ಹಾರ್ಡ್‌ವೇರ್ ಅಣ್ಣ. ಉಳಿದವರು ಅವರು ತಲೆ ಆಡಿಸಿದ ಕಡೆ ಆಡಿಸುವವರು. 'ಆ ವಿಷಯ' ಎತ್ತಿದರೆ ಸಾಕು, ಮೊಳೆಗೆ ಸುತ್ತಿಗೆ ಹೊಡೆದ ಹಾಗೆ ಮೇಜು ಕುಟ್ಟುತ್ತಿದ್ದರು ಅಣ್ಣ.

ಅಂದು ಸಂಜೆ ಮೈದುನ ನಮ್ಮ ಮನೆಗೆ ಬಂದ. ನಾನು ನಡೆದದ್ದನ್ನೆಲ್ಲ ಹೇಳಿದೆ. ಅತ್ತೆ ಒಳಗೆ ತರಕಾರಿ ಹೆಚ್ಚುತ್ತಿದ್ದರು. ಹೆಚ್ಚುವ ಸದ್ದು ನಿಂತಿತು.

"ಅತ್ತಿಗೆ, ಅವರು ಬೇಡ ಅಂದ್ರೆ ಬಿಟ್ಬಿಡಿ. ಜಗಳ ಆಡಬೇಡಿ," ಅಂದ. "ಆದ್ರೆ ಇನ್ಯಾರೋ ನಮ್ಮ ಮಗೂನ ಎತ್ಕೊಂಡು ನಿಂತಿರೋದನ್ನ ಬೆಂಚಲ್ಲಿ ಕೂತ್ಕೊಂಡು ನೋಡೋಕೆ ನನ್ನ ಕೈಲಾಗಲ್ಲ. ಆ ಚರ್ಚಿಗೆ ಇನ್ನು ಬರಲ್ಲ. ಅಮ್ಮ ಆ ಚರ್ಚನ್ನ ಬಿಡಲ್ಲ. ಹಾಗಾಗಿ ಈ ಮನೆಗೂ ಬರೋದು ಕಡಿಮೆ ಆಗುತ್ತೆ. ಬೇಜಾರು ಮಾಡ್ಕೋಬೇಡಿ."

ಅವನು ಹೋದ ಮೇಲೆ ಅತ್ತೆ ಹೊರಗೆ ಬಂದರು. ನನ್ನ ಮುಖ ನೋಡಲಿಲ್ಲ. ನೇರವಾಗಿ ಫೋನಿನ ಹತ್ತಿರ ಹೋಗಿ ಕುರ್ಚಿ ಎಳೆದುಕೊಂಡು ಕೂತರು. ಕಷ್ಟ ಬಂದರೆ ಒಬ್ಬೊಬ್ಬರು ಒಂದೊಂದು ಕಡೆ ಓಡುತ್ತಾರೆ, ಇವರಿಗೆ ಗೊತ್ತಿದ್ದ ದಾರಿ ಅದೊಂದೇ. ಕಣ್ಣು ಮುಚ್ಚಿಕೊಂಡು ಸರಪಳಿಯ ಮೊದಲ ಮನೆಗೆ ಹೇಳಿದರು:

"ನಮ್ಮ ಸಭೆಯ ಒಂದು ಮನೆ. ಆ ಮನೆಯವರೊಬ್ಬರು ಎಲ್ಲರ ಥರ ಮದುವೆ ಆಗದೆ, ತಮ್ಮಂಥವರ ಜೊತೆಗೇ ಬಾಳ್ತಿದಾರೆ. ಬಹಳ ವರ್ಷದಿಂದ ಮುಚ್ಚಿಟ್ಟ ವಿಷಯ. ಭಾನುವಾರ ಹಿರಿಯರ ಮುಂದೆ ಬರುತ್ತೆ. ಹಿರಿಯರ ಮನಸ್ಸು ಮೆತ್ತಗಾಗಲಿ ಅಂತ ಪ್ರಾರ್ಥನೆ ಮಾಡಿ."

ಅತ್ತೆಯ ಲೆಕ್ಕ ಸರಳ. ಹೆಸರು ಹೇಳದಿದ್ದರೂ ಇದು ತಮ್ಮ ಮನೆಯದೇ ಅಂತ ಎಲ್ಲರಿಗೂ ತಿಳಿಯುತ್ತದೆ, ಊರಿಗೆ ಗೊತ್ತಿರುವ ಸಂಗತಿ ತಾನೆ. ಆದರೆ ಗಾಬರಿಯಲ್ಲಿ ತಾವೇ ಮಾಡಿದ ಎರಡನೆಯ ನಿಯಮವನ್ನು ಮರೆತಿದ್ದರು. ತನ್ನ ಮನೆಯ ಕಷ್ಟವನ್ನು ತಾನೇ ಹಾಕಿಕೊಳ್ಳುವಂತಿಲ್ಲ. ಎಕ್ಸ್‌ಚೇಂಜ್ ಅಮ್ಮನೇ, ಅತ್ತೆಗೆ ಊರಲ್ಲಿ ಅದೇ ಹೆಸರು, ಖುದ್ದಾಗಿ ಹಾಕಿದ್ದಾರೆ ಅಂದ ಮೇಲೆ ಅದು ಎಕ್ಸ್‌ಚೇಂಜ್ ಅಮ್ಮನ ಮನೆಯದಂತೂ ಅಲ್ಲ. ಹಾಗಾದರೆ ಯಾರ ಮನೆಯದು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಹಾಗಾಯಿತು. ಇಲ್ಲಿ ಕಳ್ಳತನವೂ ಇರಲಿಲ್ಲ, ಕುಂಬಳಕಾಯಿಯೂ ಇರಲಿಲ್ಲ. ಹೆಗಲುಗಳು ಮಾತ್ರ ಬೇಕಾದಷ್ಟಿದ್ದವು.

ಆ ಸಲ ಪ್ರಾರ್ಥನೆ ವಾಪಸ್ಸು ಬರಲೇ ಇಲ್ಲ. ಸರಪಳಿ ನಡುವೆ ಎಲ್ಲೋ ತುಂಡಾಗಿತ್ತು. ಅದರ ಬದಲು ಜನ ಬಂದರು.

ಮೊದಲು ಬಂದವರು ಹಾರ್ಡ್‌ವೇರ್ ಅಕ್ಕ, ಗಂಡ ಅಂಗಡಿ ತೆರೆದು ಕೂತ ಹೊತ್ತು ನೋಡಿಕೊಂಡು. ಮಗುವನ್ನು ನೋಡಲು ಬಂದೆ ಅಂದರು, ಮಗುವನ್ನು ನೋಡಲಿಲ್ಲ. ಅತ್ತೆಯ ಪಕ್ಕ ಕೂತು, ನಿಮಗೆ ಯಾರು ಹೇಳಿದರು ಅಂತ ಕೇಳಿದರು. ಅತ್ತೆಗೆ ತಲೆಬುಡ ತಿಳಿಯಲಿಲ್ಲ. ತಿಳಿಯದಿದ್ದಾಗ ಆಪರೇಟರ್ ಆದವರು ಏನು ಮಾಡುತ್ತಾರೋ ಅದನ್ನೇ ಮಾಡಿದರು. 'ಹ್ಞೂಂ' ಅಂದರು. ಆ 'ಹ್ಞೂಂ' ಎಂಥದ್ದು ಅಂದರೆ ಕಲ್ಲಿನ ಮುಂದೆ ಅಂದರೂ ಕಲ್ಲು ಬಾಯಿ ಬಿಟ್ಟೀತು. ಅಕ್ಕ ಗೊಳೋ ಅಂತ ಅತ್ತರು. ಬೇರೆ ಊರಿನಲ್ಲಿ ನರ್ಸಾಗಿರುವ ಅವರ ಮಗಳು, ಇನ್ನೊಬ್ಬ ನರ್ಸಿನ ಜೊತೆ ಮನೆ ಮಾಡಿದ್ದಾಳೆ. ಗೆಳತಿ ಅಂತ ಎಲ್ಲರಿಗೂ ಹೇಳಿದ್ದಾರೆ, ಬರೀ ಗೆಳತಿಯಲ್ಲ. ತಾಯಿಗೆ ಮಾತ್ರ ಗೊತ್ತು.

"ನಮ್ಮೆಜಮಾನ್ರಿಗೆ ಗೊತ್ತಾದ್ರೆ ಎದೆ ಒಡ್ಕೊಂಡು ಹೋಗ್ತಾರೆ ಅಕ್ಕಾ. ಬಿ.ಪಿ. ಬೇರೆ ಇದೆ. ಭಾನುವಾರ ಅವರ ಮುಂದೇನೇ ಅವರ ಮಗಳ ವಿಷಯ ಬಂದ್ರೆ ಏನು ಗತಿ?"

ಅದೇ ಸಂಜೆ ಹಾರ್ಡ್‌ವೇರ್ ಅಣ್ಣ ಬಂದರು, ಕೈಯಲ್ಲೊಂದು ವಾಷರ್ ಹಿಡಿದುಕೊಂಡು. ನಿಮ್ಮ ನಲ್ಲಿ ಸೋರುತ್ತಂತಲ್ಲ ಅಂದರು. ನಮ್ಮ ನಲ್ಲಿ ಸೋರುತ್ತಿರಲಿಲ್ಲ. ಕೊನೆಗೆ ಸೋರಿದ್ದು ಅವರ ಕಣ್ಣು. ಮಗಳ ವಿಷಯ ತಮಗೆ ಬಹಳ ದಿನದಿಂದ ಗೊತ್ತಂತೆ, ಒಮ್ಮೆ ಸರಕು ತರಲು ಆ ಊರಿಗೆ ಹೋದಾಗ ಹೇಳದೆ ಕೇಳದೆ ಮಗಳ ಮನೆಗೆ ಹೋಗಿದ್ದರಂತೆ. ಹೆಂಡತಿಗೆ ತಿಳಿದರೆ ಅವಳು ತಡೆದುಕೊಳ್ಳುವುದಿಲ್ಲ, ಹೆಂಗರುಳು, ಹಾಸಿಗೆ ಹಿಡಿದುಬಿಡುತ್ತಾಳೆ ಅಂದರು. ನಾನು ಅಡುಗೆಮನೆಯಲ್ಲಿ ನಿಂತು ನಗು ತಡೆಯಲು ಮಗುವಿನ ಬಟ್ಟೆಯನ್ನು ಬಾಯಿಗೆ ತುರುಕಿಕೊಂಡೆ. ಒಂದೇ ಮಂಚದಲ್ಲಿ ಮಲಗುವ ಗಂಡಹೆಂಡತಿ, ಒಂದೇ ಮಗಳು, ಒಂದೇ ಗುಟ್ಟು. ಇವರಿಂದ ಅವರು ಮುಚ್ಚಿಟ್ಟಿದ್ದಾರೆ, ಅವರಿಂದ ಇವರು. ಸ್ವಲ್ಪ ಹೊತ್ತಿಗೆ ನಗು ಹೋಯಿತು. ಆ ಹುಡುಗಿಗೆ ಅಪ್ಪ ಅಮ್ಮ ಇಬ್ಬರೂ ಇದ್ದೂ ಇಷ್ಟು ವರ್ಷ ಯಾರೂ ಇಲ್ಲದಂತಾಯಿತಲ್ಲ ಅನ್ನಿಸಿತು.

ಆಮೇಲೆ ಗಾಯಕರ ತಂಡದ ಮಾಸ್ಟರು ಬಂದರು, ತಂಗಿಯ ಮಗನ ಬಗ್ಗೆ. ಬಡಗಿ ತಾತ ತನ್ನ ಎರಡೂ ಕಾಲಿನಲ್ಲಿ ನಡೆದು ಬಂದು, ಅದು ಮದುವೆಗೂ ಮುಂಚಿನ ಮಾತು ತಾಯಿ, ಆ ಗೆಳೆಯ ಸತ್ತೇ ಹೋದ, ಈಗ ಯಾರು ಅದನ್ನು ಕೆದಕಿದರು ಅಂತ ಕೇಳಿದ. ಅತ್ತೆ ಎಲ್ಲರಿಗೂ 'ಹ್ಞೂಂ' ಅಂದರು. ಕೊನೆಗೆ ಶನಿವಾರ ಮಧ್ಯಾಹ್ನ ಅಯ್ಯನವರು ಬಂದರು. ಬಾಗಿಲಲ್ಲೇ ನಿಂತರು, ಕೂರಲಿಲ್ಲ. ನಮ್ಮಣ್ಣನ ವಿಷಯ ಈ ಊರಿಗೆ ಹೇಗೆ ಬಂತು ಅಂತ ಕೇಳಿದರು. ಅವರ ಕಿವಿ ಮುಟ್ಟುವ ಹೊತ್ತಿಗೆ ಆ ಪ್ರಾರ್ಥನೆ 'ಒಬ್ಬ ದೇವಸೇವಕರ ಮನೆ' ಅಂತ ಬದಲಾಗಿತ್ತಂತೆ. ಅಪ್ಪ ಸತ್ತಾಗ ಆ ಅಣ್ಣ ತನ್ನ ಜೊತೆಗಾರನನ್ನು ಕರೆದುಕೊಂಡು ಮಣ್ಣಿಗೆ ಬಂದಿದ್ದನಂತೆ. ಆ ಜೊತೆಗಾರ ಗೇಟಿನ ಹೊರಗೇ ನಿಲ್ಲಬೇಕು ಅಂತ ಹೇಳಿ ಬರಲು ಮನೆಯವರು ಇವರನ್ನೇ ಕಳಿಸಿದ್ದರಂತೆ, ಮೆತ್ತಗೆ ಮಾತಾಡುತ್ತಾರೆ ಅಂತ. ಅಣ್ಣ ಮತ್ತೆಂದೂ ಇವರ ಹತ್ತಿರ ಮಾತಾಡಲಿಲ್ಲ. ಇಷ್ಟು ಹೇಳುವಾಗ ಅಯ್ಯನವರು ಒಂದು ಸಲವೂ 'ಪ್ರೀತಿಯಿಂದ' ಅನ್ನಲಿಲ್ಲ.

ಅವರು ಹೋದ ಮೇಲೆ ಅತ್ತೆ ಬಾಗಿಲು ಹಾಕಿಕೊಂಡು ಬಂದು ನನ್ನ ಪಕ್ಕ ಕೂತರು.

"ಅಲ್ವೇ, ನಾನು ನಮ್ಮ ಮನೆಗೆ ಅಂತ ಪ್ರಾರ್ಥನೆ ಹಾಕಿದ್ರೆ ಇಡೀ ಸಭೆಯೇ ಬಂದು ಪಾಲು ಕೇಳ್ತಿದೆಯಲ್ಲ," ಅಂದರು.

ಒಬ್ಬರದನ್ನು ಇನ್ನೊಬ್ಬರಿಗೆ ಹೇಳಿಬಿಡಿ, ಹಾರ್ಡ್‌ವೇರ್ ಅಣ್ಣನನ್ನೂ ಅಕ್ಕನನ್ನೂ ಎದುರುಬದುರು ಕೂರಿಸಿ ಅಂತ ನಾನು ಹೇಳಿದೆ. ಅತ್ತೆ ತಲೆ ಅಲ್ಲಾಡಿಸಿದರು. ಒಬ್ಬರ ಲೈನಿನ ಮಾತನ್ನು ಇನ್ನೊಬ್ಬರ ಲೈನಿಗೆ ಹಾಕಿದವಳಲ್ಲ ನಾನು ಅಂದರು. ಆಗ ನನಗೆ ತಡೆಯಲಾಗಲಿಲ್ಲ.

"ಅತ್ತೆ, ಎಲ್ಲರ ಮಕ್ಕಳಿಗೂ ನಿಮ್ಮ ಹೊಟ್ಟೇಲಿ ಜಾಗ ಇದೆ. ನಿಮ್ಮ ಮಗನ ವಿಷಯ ಮಾತ್ರ ನೀವು ಇವತ್ತಿಗೂ ಬಾಯಿ ಬಿಟ್ಟು ಹೇಳಿಲ್ಲ. ಅವರಿಗೂ ನಿಮಗೂ ಏನು ವ್ಯತ್ಯಾಸ?"

ಅತ್ತೆ 'ಹ್ಞೂಂ' ಅಂತಲೂ ಅನ್ನಲಿಲ್ಲ. ಎದ್ದು ಹೋಗಿ ಒಣಗಿದ ಬಟ್ಟೆ ಮಡಿಸತೊಡಗಿದರು, ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದರು.

ಭಾನುವಾರ ಹಿರಿಯರ ಸಭೆ. ಮಗುವಿನ ತಂದೆತಾಯಿ ಅಂತ ನಮ್ಮನ್ನೂ ಕರೆದಿದ್ದರು. ಮುರಿದ ಹಾರ್ಮೋನಿಯಮ್ ಇಟ್ಟ ಹಿಂದಿನ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು. ಅಂಥ ಸಭೆಯನ್ನು ನಾನು ಹಿಂದೆ ಕಂಡಿಲ್ಲ, ಮುಂದೆ ಕಾಣುವುದೂ ಇಲ್ಲ. ಚರ್ಚೆಗೆ ಬರುವುದು ತನ್ನ ಮನೆಯ ವಿಷಯವೇ ಅಂತ ಪ್ರತಿಯೊಬ್ಬರಿಗೂ ಒಳಗೊಳಗೇ ಪುಕಪುಕ. ಅಯ್ಯನವರು ಕೆಮ್ಮಿ, ನಮ್ಮ ಮುಂದೆ ಒಂದು ವಿಷಯ ಇದೆ ಅಂದರು. ಅಷ್ಟಕ್ಕೇ ಹಾರ್ಡ್‌ವೇರ್ ಅಣ್ಣ ಎದ್ದು ನಿಂತು, ಹೆಸರುಗಿಸರು ಏನೂ ಬೇಡ ಅಂದರು. ಮಾಸ್ಟರು, ಹೌದು, ಹೆಸರು ಯಾಕೆ ಅಂದರು. ಬಡಗಿ ತಾತ, ಹಳೇ ಮಾತು ಯಾಕೆ ಅಂದ. ಮೇಜು ಕುಟ್ಟುತ್ತಿದ್ದ ಅಣ್ಣ ಅಂದು ಅದೇ ಮೇಜನ್ನು ಸವರುತ್ತಾ ಕರುಣೆಯ ಬಗ್ಗೆ ಮಾತಾಡಿದರು. ಎಷ್ಟು ಚೆನ್ನಾಗಿ ಮಾತಾಡಿದರೆಂದರೆ ಅವರ ಬಾಯಲ್ಲಿದ್ದ ಮೈದುನನ ಕೈಯ ಹಲ್ಲಿಗೂ ಆಶ್ಚರ್ಯವಾಗಿರಬೇಕು.

ಕೊನೆಗೆ ನಿರ್ಣಯವಾಯಿತು. ಸಭೆಯವರ ಮನೆಯೊಳಗಿನ ಯಾವ ವಿಷಯವನ್ನೂ ಸಭೆ ಕೇಳುವುದಿಲ್ಲ. ಎಲ್ಲರೂ ಕೈ ಎತ್ತಿದರು. ಅವಸರದಲ್ಲಿ ಮಾಸ್ಟರು ಎರಡೂ ಕೈ ಎತ್ತಿದರು. ಆಮೇಲೆ ನಮ್ಮ ಮಗುವಿನ ಪ್ರಶ್ನೆ ಬಂದಾಗ ಎಲ್ಲರಿಗೂ ಉಸಿರು ವಾಪಸ್ಸು ಬಂತು, ಓ, ಇಷ್ಟೇ ತಾನೆ ಅನ್ನುವ ಹಾಗೆ. ಚಿಕ್ಕಪ್ಪ ಚಿಕ್ಕಪ್ಪನೇ, ರಕ್ತಸಂಬಂಧ, ನಿಲ್ಲಲಿ ಬಿಡಿ ಅಂದರು. ಒಬ್ಬನೇ ಗಂಡಸು ನಿಂತರೆ ನೋಡುವವರಿಗೆ ಒಂದು ಥರ, ಗಂಡೂ ಹೆಣ್ಣೂ ಜೋಡಿಯಾಗಿ ನಿಲ್ಲುವುದು ವಾಡಿಕೆ, ಆದ್ದರಿಂದ ಪಕ್ಕದಲ್ಲಿ ಜ್ಞಾನತಾಯಿಯಾಗಿ ಅಜ್ಜಿಯೇ ನಿಲ್ಲಲಿ ಅಂದರು. ಮೈದುನನ ಆ ಗೆಳೆಯ ಬರಬಹುದು, ಎಂದಿನಂತೆ ಹಿಂದೆ ಕೂರಬಹುದು ಅಂದರು. ಮೈದುನ ಗ್ರೇಸ್ ಮಾರ್ಕಿನಲ್ಲಿ ಪಾಸಾಗಿದ್ದ.

ನಾನು ಹೋಗಿ ಹೇಳಿದೆ. ಲಿಫ್ಟಿನವನು ನಕ್ಕು, ನನಗೆ ಹಿಂದಿನ ಬೆಂಚೇ ಅಭ್ಯಾಸ ಅಕ್ಕಾ ಅಂದ. ಮೈದುನ ನಗಲಿಲ್ಲ.

"ಕಂಡೂ ಕಾಣದ ಹಾಗೆ ಒಳಗೆ ಬಿಟ್ಕೋತಿದಾರೆ ಅಷ್ಟೆ. ಮಗೂಗೋಸ್ಕರ ಅವತ್ತೊಂದು ದಿನ ನಿಲ್ತೀನಿ ಅತ್ತಿಗೆ. ಅದಾದ್ಮೇಲೆ ನನ್ನನ್ನ ಅಲ್ಲಿಗೆ ಕರೀಬೇಡಿ," ಅಂದ. ಅಮ್ಮನಿಗೆ ಏನು ಹೇಳಲಿ ಅಂತ ಕೇಳಿದೆ. ಅಮ್ಮ ಏನೂ ಕೇಳಲ್ಲ, ನೀವೂ ಏನೂ ಹೇಳಬೇಡಿ ಅಂದ. ನಾನು ಅದನ್ನು ಅತ್ತೆಗೆ ಅಕ್ಷರ ಬಿಡದೆ ಹೇಳಿದೆ. ನನಗೆ ಆಪರೇಟರ್ ಕೆಲಸ ಬರುವುದಿಲ್ಲ.

ದೀಕ್ಷಾಸ್ನಾನದ ದಿನ ಚರ್ಚು ತುಂಬಿತ್ತು. ಮೈದುನ ಬಿಳಿ ಅಂಗಿ ಹಾಕಿ, ಮಗುವನ್ನು ಎತ್ತಿಕೊಂಡು, ನೀರಿನ ತೊಟ್ಟಿಯ ಮುಂದೆ ನಿಂತ. ಪಕ್ಕದಲ್ಲಿ ಅತ್ತೆ. ನೋಡುವವರಿಗೆ ಎಲ್ಲವೂ ಸರಿಯಾಗಿತ್ತು, ಗಂಡೂ ಇತ್ತು, ಹೆಣ್ಣೂ ಇತ್ತು. ಅಯ್ಯನವರು ಪುಸ್ತಕ ತೆರೆದು, ಈ ಮಗುವಿನ ಪರವಾಗಿ ಮಾತು ಕೊಡಲು ನಿಂತಿರುವವರು ಯಾರು ಅಂತ ಕೇಳಿದರು. ನಾನು ಅಂತ ಮೈದುನ ಹೇಳಿದ. ಎರಡನೆಯ 'ನಾನು' ಅತ್ತೆ ಹೇಳಬೇಕಿತ್ತು. ಅಯ್ಯನವರು ಮೆತ್ತಗೆ ಇನ್ನೊಂದು ಸಲ ಕೇಳಿದರು.

"ನಾನಲ್ಲ," ಅಂದರು ಅತ್ತೆ.

ಬೆಂಚುಗಳು ಕಿರುಗುಟ್ಟಿದವು. ಅತ್ತೆ ತಿರುಗಿ ಬಾಗಿಲ ಕಡೆ ನೋಡಿದರು. ಅವರ ಸ್ವರ ಕೊನೆಯ ಬೆಂಚಿಗೆ ಸರಿಯಾಗಿ ಮುಟ್ಟಿತು.

"ಬಾಪ್ಪಾ ಇಲ್ಲಿ. ಇದು ನಿನ್ನ ಜಾಗ. ಇಷ್ಟು ವರ್ಷ ನನ್ನ ಮಗನ ಜೊತೆ ಬಾಳಿದವನು ನೀನು. ನಾನ್ಯಾಕೆ ಇಲ್ಲಿ ನಿಂತು ಸುಳ್ಳು ಹೇಳಲಿ."

ಲಿಫ್ಟಿನವನು ಏಳಲಿಲ್ಲ. ಯಾರನ್ನೋ ಕರೆಯುತ್ತಿದ್ದಾರೆ ಅಂತ ಹಿಂದೆ ತಿರುಗಿ ನೋಡಿದ. ಹಿಂದೆ ಗೋಡೆ ಇತ್ತು. ಆಮೇಲೆ ಎದ್ದ. ಅಷ್ಟುದ್ದ ನಡೆದು ಬರುವಾಗ ಆ ಆರಡಿ ಆಳು ಕೈಯನ್ನು ಎಲ್ಲಿಡಬೇಕು ಅಂತ ತಿಳಿಯದೆ ಸ್ವೆಟರಿನ ತುದಿ ಹಿಡಿದುಕೊಂಡಿದ್ದ. ಅವನು ಬಂದು ನಿಂತ ಮೇಲೆ ಅತ್ತೆ ಮಗನ ಮುಖ ಒಂದು ಸಲ ನೋಡಿದರು. ಮಗ ಅಳುತ್ತಿದ್ದ, ಕಣ್ಣೊರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಅತ್ತೆಯೇ ಒರೆಸಿದರು. ಆಮೇಲೆ ಒಬ್ಬರೇ ನಡೆದುಕೊಂಡು ಹೋಗಿ, ಅವನು ಬಿಟ್ಟುಬಂದ ಕೊನೆಯ ಬೆಂಚಿನಲ್ಲಿ ಛತ್ರಿಗಳನ್ನು ಸರಿಸಿ ಕೂತರು.

ಮೂರನೆಯ ಸಾಲಿನಲ್ಲಿ ಹಾರ್ಡ್‌ವೇರ್ ಅಕ್ಕ ಎದ್ದರು. ಗಂಡ ಕೈ ಹಿಡಿದು ಎಳೆಯಲು ನೋಡಿದರು. ಬಿಡಿಸಿಕೊಂಡು ಹಿಂದಕ್ಕೆ ಹೋಗಿ ಅತ್ತೆಯ ಪಕ್ಕ ಕೂತರು. ಹಾರ್ಡ್‌ವೇರ್ ಅಣ್ಣ ಅತ್ತ ನೋಡಿ ಇತ್ತ ನೋಡಿ, ತಾವೂ ಎದ್ದು ಹೋದರು. ಹೆಂಡತಿಯ ಕಿವಿಯ ಹತ್ತಿರ ಬಗ್ಗಿ, ನಿನಗೆ ಗೊತ್ತಿತ್ತಾ ಅಂದರು. ಅಕ್ಕ, ನಿಮಗೆ ಗೊತ್ತಿತ್ತಾ ಅಂದರು. ಪಿಸುಮಾತು ಅಂತ ಅವರಿಬ್ಬರೂ ಅಂದುಕೊಂಡಿದ್ದರು.

ಅಯ್ಯನವರು ಪುಸ್ತಕ ಹಿಡಿದುಕೊಂಡು ನಿಂತೇ ಇದ್ದರು. ಏನು ಯೋಚಿಸುತ್ತ ನಿಂತಿದ್ದರೋ ನನಗೆ ಗೊತ್ತು, ಆದರೆ ಅಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ. ಆಮೇಲೆ ಕೇಳಬೇಕಾದ ಪ್ರಶ್ನೆಗಳನ್ನು ಒಂದೂ ಬಿಡದೆ ಇಬ್ಬರನ್ನೂ ಕೇಳಿದರು. ಈ ಮಗುವನ್ನು ಕೈಬಿಡದೆ ಕಾಯುತ್ತೀರಾ? ಕಾಯುತ್ತೇವೆ ಅಂತ ಇಬ್ಬರೂ ಹೇಳಿದರು. ಕೊನೆಯ ಪ್ರಶ್ನೆ ಸಭೆಗೆ. ಪ್ರತಿ ದೀಕ್ಷಾಸ್ನಾನದಲ್ಲೂ ಕೇಳುತ್ತಾರೆ, ಎಲ್ಲರೂ ಆಕಳಿಸುತ್ತಾ ಹೂಂ ಅನ್ನುತ್ತಾರೆ.

"ಸಭೆಯವರೇ, ಈ ಮಗುವಿಗೂ ಇದನ್ನು ಎತ್ತಿಕೊಂಡು ನಿಂತಿರುವ ಇವರಿಬ್ಬರಿಗೂ ನೀವು ಜೊತೆಯಾಗಿ ನಿಲ್ಲುತ್ತೀರಾ?"

ಅಂದು ಯಾರೂ ಆಕಳಿಸಲಿಲ್ಲ. ಮೊದಲು ಕೊನೆಯ ಬೆಂಚಿನಿಂದ ಅತ್ತೆಯ ಸ್ವರ ಒಂದೇ ಬಂತು, ನಿಲ್ಲುತ್ತೇವೆ ಅಂತ. ಅವರ ಬೆನ್ನಿಗೇ ಅಕ್ಕನದು. ಆಮೇಲೆ ಅಣ್ಣನದು. ಬಡಗಿ ತಾತನದು ಕೇಳಿದಾಗ ನಾನು ತಿರುಗಿ ನೋಡಿದೆ, ತಾತ ಎದ್ದು ನಿಂತಿದ್ದ. ಉಳಿದವರು ತಲೆ ತಗ್ಗಿಸಿಕೊಂಡು ಏನೋ ಗೊಣಗಿದರು, ಒಂದಿಬ್ಬರು ಎದ್ದು ಹೊರಗೆ ಹೋದರು. ಅಯ್ಯನವರು ಗೊಣಗಿದ್ದನ್ನೂ ಲೆಕ್ಕಕ್ಕೆ ತೆಗೆದುಕೊಂಡು ನೀರಿಗೆ ಕೈ ಹಾಕಿದರು.